ಒಡೆಯದ ಒಂದುಗಳು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಆ ಗೋಡೆ ಇನ್ನೂ ಇದೆ, ಬಂದು ನೋಡಬಹುದು.

ಎರಡು ಒಂದುಗಳ ಹನ್ನೊಂದು ಅವಿಭಾಜ್ಯ, ಯಾವುದರಿಂದಲೂ ಒಡೆಯುವುದಿಲ್ಲ. ಒಂದುಗಳನ್ನೇ ಸಾಲಾಗಿ ಬರೆಯುತ್ತ ಹೋದರೆ ಅಂಥದ್ದು ಮತ್ತೆ ಸಿಗುವುದು ಹತ್ತೊಂಬತ್ತು ಒಂದುಗಳಾದಾಗ. ಏಳು ವರ್ಷದ ಮಗಳು ಆಶ್ರಿತಾಗೆ ಇದನ್ನು ಹೇಳಿದವನು ನಾನೇ. ಅವಳು ಗೋಡೆಯ ಮುಂದೆ ನಿಂತು, ತನ್ನ ಕಣ್ಣಿನ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಹತ್ತೊಂಬತ್ತನ್ನೂ ಬರೆದಳು. ಕನ್ನಡದ ೧ ಕಲಿಸಿದ್ದೆ. ಅವಳ ಕೈಯಲ್ಲಿ ಅದಕ್ಕೊಂದು ಗುಜರಾತಿ ಬಾಲ ಬರುತ್ತಿತ್ತು.

"ಅಪ್ಪಾ, ಇದು ಟೂಟ್ ಆಗಲ್ಲ ಅಲ್ವಾ?"

"ಒಡೆಯಲ್ಲ ಪುಟ್ಟಿ."

ಹೋದ ವರ್ಷ, ೨೦೦೩ರ ಆಗಸ್ಟಿನಲ್ಲಿ, ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಳು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ, ಅವಳು ಶಾಲೆಯಿಂದ ಬರುವ ಹೊತ್ತಿಗೆ, ಕೋಣೆಯಲ್ಲಿ ಪೆನ್ಸಿಲ್ ಕೆತ್ತಿದ ವಾಸನೆ ಬಂತು. ಆ ಸೆಕೆಯಲ್ಲೂ ಗೋಡೆ ತಣ್ಣಗಿತ್ತು. ಒಂದುಗಳು ಇಪ್ಪತ್ತಾಗಿದ್ದವು. ಹೊಸದಕ್ಕೂ ಬಾಲವಿತ್ತು.

ದಿನಕ್ಕೊಂದು ಸೇರುತ್ತ ಹೋಯಿತು. ಇಪ್ಪತ್ತಮೂರಾದ ದಿನ ಹೆಂಡತಿ ಪದ್ಮಾಗೆ, "ಇದೂ ಒಡೆಯಲ್ಲ ಕಣೇ. ಇನ್ನು ನಿಲ್ಲಿಸ್ತಾಳೆ" ಎಂದೆ. ಪದ್ಮಾ ಗೋಡೆಗೆ ಕೆನ್ನೆಯಿಟ್ಟು ಅತ್ತಳು.

ಮರುದಿನ ಇಪ್ಪತ್ತನಾಲ್ಕನೆಯದು ಬಂತು. ಮುಂದಿನ ಒಡೆಯದ ಸಂಖ್ಯೆಗೆ ಮುನ್ನೂರ ಹದಿನೇಳು ಒಂದು ಬೇಕು. ಅದನ್ನು ಅವಳಿಗೆ ನಾನು ಹೇಳಿರಲೇ ಇಲ್ಲ.

ನಿನ್ನೆಗೆ ಮುನ್ನೂರಾಯಿತು. ಸಾಲು ಮೂಲೆ ತಿರುಗಿ ಕಿಟಕಿ ಮುಟ್ಟಿದೆ.

"ರೀ, ಸಾಲು ಮೇಲಕ್ಕೆ ಹೋಗ್ತಿದೆ ನೋಡಿ" ಎಂದಳು ಪದ್ಮಾ.

ಟೇಪ್ ಹಿಡಿದು ಅಳೆದೆ. ಮೊದಲ ಒಂದಕ್ಕಿಂತ ಕೊನೆಯದು ಎರಡು ಇಂಚು ಮೇಲಿದೆ.

ಪದ್ಮಾ ಈಗ ಒಳಗೆ ಕೂತು, ಮಗಳ ಯೂನಿಫಾರ್ಮಿನ ಅಂಚಿನ ಮಡಿಕೆ ಬಿಚ್ಚುತ್ತಿದ್ದಾಳೆ. ಎರಡು ಇಂಚು.