ಕಚ್ಚಿದ ಬೆರಳಿನ ಗೊಂಬೆ

ಜೂನ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಒಂದು ವಿಚಿತ್ರ ದೂರು ಬಂತು. ಬೀರುವಿನಲ್ಲಿದ್ದ ಹಳೆಯ ಗೊಂಬೆ ಕಳವಾಗಿದೆ, ಅದರ ಜಾಗದಲ್ಲಿ ಅಂಥದೇ ಇನ್ನೊಂದು ಗೊಂಬೆ ನಿಂತಿದೆ ಎಂದು.

ದೂರು ತಂದವರು ಎಪ್ಪತ್ತೊಂದು ವರ್ಷದ ನಿವೃತ್ತ ಹೊಲಿಗೆ ಟೀಚರು. ಜೊತೆಗೆ ಬಂದಿದ್ದ ಮಗ ಬೆಂಚಿನ ತುದಿಯಲ್ಲಿ ಕೂತು ಪದೇಪದೇ ಗಡಿಯಾರ ನೋಡುತ್ತಿದ್ದ.

“ಏಪ್ರಿಲ್‌ನಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯ್ತು ಮೇಡಂ. ಆಮೇಲಿಂದ ಏನೇನೋ ಹೇಳ್ತಾರೆ. ಸಮಾಧಾನಕ್ಕೆ ಕರ್ಕೊಂಡು ಬಂದೆ,” ಎಂದ.

ಇನ್ಸ್‌ಪೆಕ್ಟರಮ್ಮನಿಗೆ ಸಮಾಧಾನಕ್ಕೆ ಬಂದ ದೂರುಗಳ ಮೇಲೆ ನಂಬಿಕೆ ಕಡಿಮೆ. ಸಮಾಧಾನ ಮಾಡಲು ಬಂದವರ ಮೇಲೆ ಇನ್ನೂ ಕಡಿಮೆ. ಫೋನು ಬಂದು ಮಗ ಹೊರಗೆ ಹೋದ. ಟೀಚರು ಮುಂದಕ್ಕೆ ಬಾಗಿದರು.

“ಮಗ ಸೊಸೆ ನನಗೆ ಸ್ಟವ್ ಹಚ್ಚೋದು ಬಿಡಿಸಿದ್ದಾರೆ. ಈ ಗೊಂಬೆ ಸಿಗದಿದ್ರೆ ತಲೆ ಕೆಟ್ಟಿದೆ ಅಂತ ಗಟ್ಟಿಯಾಗುತ್ತೆ. ಭಾನುವಾರ ಗೊಂಬೆ ಎಲ್ಲಾ ಪೆಟ್ಟಿಗೆಗೆ ತುಂಬಿ, ಬೀರು ಕೀಲಿ ಇಸ್ಕೊಳ್ತಾರೆ.”

ಅಂದೇ ಮಧ್ಯಾಹ್ನ ಮೂರೂಕಾಲಿಗೆ ಇನ್ಸ್‌ಪೆಕ್ಟರಮ್ಮ ಅವರ ಮನೆ ತಲುಪಿದರು. ಜೊತೆಗಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ, ಕಂಡದ್ದನ್ನೆಲ್ಲ ಬರೆದಿಡುವ ಚಾಳಿಯಿಂದಾಗಿ, ಠಾಣೆಯಲ್ಲಿ ದಫ್ತರಪ್ಪ ಎಂದೇ ಹೆಸರು. ಬೀರುವಿನ ಬೀಗ ಸರಿಯಾಗಿತ್ತು, ಗಾಜಿನ ಮೇಲೆ ಗೀರಿರಲಿಲ್ಲ. ಒಳಗೆ ನಲವತ್ತೆರಡು ಫಾರಿನ್ ಪ್ಲಾಸ್ಟಿಕ್ ಗೊಂಬೆಗಳು, ತೆಳು ಸೊಂಟ, ಓರೆನೋಟ, ಒಂದೊಂದಕ್ಕೂ ಒಂದೊಂದು ಕಾಲದ ಉಡುಪು. ಕೆಳಗಿನ ಪುಟ್ಟ ಡ್ರಾಯರುಗಳಲ್ಲಿ ಅಕ್ಕಿಕಾಳಿನಷ್ಟು ಹಿಮ್ಮಡಿಯ ಚಪ್ಪಲಿಗಳು, ಟೋಪಿಗಳು, ಕೈಚೀಲಗಳು.

ನಡುವಿನ ಗೊಂಬೆಯನ್ನು ಟೀಚರು ಮಲಗಿದ ಮಗುವನ್ನೆತ್ತುವಂತೆ ಎತ್ತಿದರು.

“ನಕಲಿನಾ?” ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು.

“ಅಲ್ಲ. ಪಾದದಲ್ಲಿ ತೂತು ನೋಡಿ. ಸ್ಟ್ಯಾಂಡಿನ ಕಡ್ಡಿ ಕೂರಿಸೋಕೆ ಮೊದಮೊದಲ ತಯಾರಿಗೆ ಮಾತ್ರ ಇಡ್ತಿದ್ರು. ಇದೂ ಅಸಲೇ. ನಿಜ ಹೇಳಬೇಕಂದ್ರೆ ನಂದಕ್ಕಿಂತ ಚೆನ್ನಾಗಿದೆ.” ಬಿಳಿ ಕೈಗವಸನ್ನು ಮೆಲ್ಲಗೆ ಎಳೆದರು. “ನಂದರ ಎಡಗೈಲಿ ಎರಡು ಬೆರಳು ಕಚ್ಚಿದ ಗುರುತಿತ್ತು. ಆಪರೇಷನ್ ಆದ್ಮೇಲೆ ಎರಡು ತಿಂಗಳು ಸಣ್ಣ ಕೆಲಸ ಮುಟ್ಟಬಾರದು ಅಂದಿದ್ರು. ಮೊನ್ನೆ ಬಟ್ಟೆ ಬದಲಿಸೋಕೆ ತೆಗೆದ್ರೆ ಬೆರಳು ನುಣ್ಣಗಿವೆ.”

ಹಳೆಯ ಫೋಟೊದಲ್ಲಿ ಗೊಂಬೆ ಕೈಗವಸು ತೊಟ್ಟಿತ್ತು, ಗುಂಗುರು ಕೂದಲು ಕಿವಿ ಮುಚ್ಚಿತ್ತು. ಟೀಚರ ನೋಟ್‌ಬುಕ್ಕಿನಲ್ಲೇನೋ ಕಚ್ಚಿದ ಬೆರಳಿನ ಮಾತಿತ್ತು. ಅದನ್ನು ನಿನ್ನೆ ಬರೆದಿದ್ದರೂ ಬರೆದಿರಬಹುದು ಎಂದು ಮಗ ಗೊಣಗಿದ. ಇನ್ಸ್‌ಪೆಕ್ಟರಮ್ಮನಿಗೂ ಆ ಅನುಮಾನ ಬಾರದೆ ಇರಲಿಲ್ಲ. ಕಥೆ ಕಟ್ಟುವ ಮುದುಕಿಯರನ್ನು ಅವರು ಕಂಡಿದ್ದರು, ತಾಯಿಯ ಬುದ್ಧಿ ಕೆಟ್ಟಿದೆಯೆಂದು ಸಾಬೀತು ಮಾಡಹೊರಟ ಮಕ್ಕಳನ್ನೂ ಕಂಡಿದ್ದರು.

ಅಂದು ಕೆಲಸಕ್ಕೆ ರಜೆ ಹಾಕಿದ್ದ ಸೊಸೆಯನ್ನು ಅಡಿಗೆಮನೆಯಲ್ಲಿ ವಿಚಾರಿಸಿದರು.

“ಬೀರು ಒರೆಸೋರು ನೀವು. ಬೀಳಿಸಿ ಮುರಿದು ಬೇರೆ ತಂದಿಟ್ರಾ?”

“ಎಲ್ಲಿಂದ ತರಲಿ ಮೇಡಂ? ನನಗೆ ನಲವತ್ತೆರಡಕ್ಕೂ ಒಂದೇ ಮುಖ.”

“ಕೀಲಿ ಎಲ್ಲಿರುತ್ತೆ?”

“ಅತ್ತೆ ದಿಂಬಿನ ಕೆಳಗೆ. ಬೀದಿಗೇ ಗೊತ್ತು.”

ಇನ್ಸ್‌ಪೆಕ್ಟರಮ್ಮ ಮರಳಿ ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಗಿ, ಚಪ್ಪಲಿ, ಓಲೆ ಎಲ್ಲವೂ ತಮ್ಮವೇ ಎಂದು ಟೀಚರು ಒಪ್ಪಿದ್ದರು, ಅಂಗಿಯ ಕೊರಳಪಟ್ಟಿಗೆ ತಾವೇ ಹಾಕಿದ ಹೊಲಿಗೆಯನ್ನೂ ತೋರಿಸಿದ್ದರು. ಬದಲಾಗಿದ್ದು ಮೈ ಮಾತ್ರ. ಓಲೆ ಬಿಚ್ಚಿಸಿ ನೋಡಿದಾಗ ಅದರ ಕಡ್ಡಿ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದರೆ ತೆಳ್ಳನೆಯ ಪೊರೆ ಎದ್ದು ಬಂತು.

“ಏನಿದು?”

ಟೀಚರು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಬಣ್ಣವಿಲ್ಲದ ನೈಲ್ ಪಾಲಿಶ್. ತಾಮ್ರದ ಕಡ್ಡಿ ತಾಗಿ ತಾಗಿ ಗೊಂಬೆಯ ಕಿವಿ ಹಸಿರಾಗುತ್ತೆ. ಹಾಗಾಗದಿರಲಿ ಅಂತ ಕೆಲವರು ಬಳೀತಾರೆ. ನಾನು ಬಳಿಯೋಳಲ್ಲ. ಬಂದದ್ದು ಬಂದ ಹಾಗೇ ಇರಬೇಕು ಅನ್ನೋಳು. ನನ್ನ ಗೊಂಬೆಗೆ ಕಿವಿ ಹಸಿರೇ.”

“ಯಾರು ಬಳೀತಾರೆ?”

ಟೀಚರು ಸೆರಗಿನ ಅಂಚನ್ನು ಮಡಿಸಿದರು, ಬಿಚ್ಚಿದರು. “ಗೊತ್ತಿಲ್ಲ.”

ಬೆಳಿಗ್ಗೆಯಿಂದ ಆಕೆ ಹೇಳಿದ ಮೊದಲ ಸುಳ್ಳು ಇದು ಎಂದು ಇನ್ಸ್‌ಪೆಕ್ಟರಮ್ಮನಿಗೆ ಅನ್ನಿಸಿತು. ಉಳಿದದ್ದನ್ನೆಲ್ಲ ನಂಬಲು ಅದೇ ಕಾರಣವಾಯಿತು. ಸ್ಥಳ ಪಂಚನಾಮೆ ಮುಗಿಸಿ, ಸಂಜೆ ಐದೂವರೆಗೆ ಎಫ್‌ಐಆರ್ ದಾಖಲಿಸಿದರು.

ಆ ಎರಡು ತಿಂಗಳಲ್ಲಿ ಮನೆಗೆ ಬಂದವರು ಯಾರೆಂದು ಮರುದಿನ ಸೊಸೆಯನ್ನು ಕೇಳಿದರು. ಆಕೆ ಒಬ್ಬರ ಹೆಸರನ್ನೇ ಮತ್ತೆಮತ್ತೆ ಹೇಳಿದಳು. ಹಳೆಯ ಗೊಂಬೆಗಳನ್ನು ರಿಪೇರಿ ಮಾಡುವ ಹೆಂಗಸು, ಎಲ್ಲರ ಬಾಯಲ್ಲೂ ಗೊಂಬೆ ಡಾಕ್ಟರು. ಮನೆಯವರಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ, ನಲವತ್ತು ದಿನ ಬೆಳಿಗ್ಗೆ ಸಂಜೆ ಬಂದು ಅತ್ತೆಯ ಕಣ್ಣಿಗೆ ಔಷಧಿಯ ಹನಿ ಹಾಕಿದ್ದು ಅವರೇ. ಒಂದು ದಿನವೂ ತಪ್ಪಿಸಲಿಲ್ಲವಂತೆ.

ಜೂನ್ ಹನ್ನೊಂದು, ಬೆಳಿಗ್ಗೆ ಹನ್ನೊಂದೂವರೆ. ಇಸ್ತ್ರಿ ಅಂಗಡಿಯ ಹಿಂದೆ ಗೊಂಬೆ ಡಾಕ್ಟರ ಇಕ್ಕಟ್ಟಾದ ಕೋಣೆ. ಡಬ್ಬಗಳಲ್ಲಿ ಬಿಡಿ ಕೈಕಾಲುಗಳು, ಕೂದಲಿನ ಎಳೆಗಳು, ಹಲ್ಲುಜ್ಜುವ ಬ್ರಷ್‌ಗಿಂತ ಚಿಕ್ಕ ಬಾಚಣಿಗೆಗಳು. ಐವತ್ತರ ಆಸುಪಾಸಿನ ಹೆಂಗಸು ಎದ್ದು ತನ್ನ ಕುರ್ಚಿಯನ್ನೇ ಇನ್ಸ್‌ಪೆಕ್ಟರಮ್ಮನಿಗೆ ಕೊಟ್ಟಳು. ದಫ್ತರಪ್ಪ ಮೇಜಿನ ಮೇಲಿದ್ದ ಓಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಎಲ್ಲ ಕಡ್ಡಿಗಳೂ ಹೊಳೆಯುತ್ತಿದ್ದವು.

“ಟೀಚರ ಗೊಂಬೆಗೂ ಬಳಿದ್ರಾ?”

“ಎಷ್ಟೋ ಜನ ಬಳೀತಾರೆ.”

“ಅವರು ಬಳಿಯೋದಿಲ್ಲ.”

ಇನ್ಸ್‌ಪೆಕ್ಟರಮ್ಮ ಬೇರೆ ದಾರಿ ಹಿಡಿದರು. “ಬೆರಳು ಬದಲಾಗಿದೆ ಅಂದದ್ದಕ್ಕೆ ಅವರಿಗೆ ತಲೆ ಕೆಟ್ಟಿದೆ ಅಂತಿದ್ದಾರೆ ಮನೇಲಿ. ಭಾನುವಾರ ಬೀರು ಖಾಲಿ ಮಾಡಿ ಕೀಲಿ ಕಿತ್ಕೊಳ್ತಾರೆ. ಗೊತ್ತಾ?”

“ಟೀಚರಕ್ಕನಿಗಾ?” ಎಂದಳು ಆಕೆ. ಆಮೇಲೆ ಕೆಳಗಿನ ಡ್ರಾಯರ್ ತಾನೇ ಎಳೆದಳು. ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿದ ಗೊಂಬೆ. ಕಿವಿಗಳು ಹಸಿರು, ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು.

“ಬಟ್ಟೆ, ಓಲೆ ಅಕ್ಕನವು, ಅವನ್ನ ಇಟ್ಕೊಳ್ಳಲಿಲ್ಲ. ನನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೇದನ್ನೇ ಇಟ್ಟೆ. ಅದರ ಕಿವಿ ಯಾಕೆ ಹಾಳಾಗಬೇಕು ಅಂತ ಕಡ್ಡಿಗೆ ಬಳಿದೆ. ಕೈ ಸುಮ್ಮನಿರಲಿಲ್ಲ.”

“ಕೇಳಬಹುದಿತ್ತಲ್ಲ?”

“ಮೂರು ಸಲ ಕೇಳಿದೆ, ಕೊಡಲ್ಲ ಅಂದ್ರು. ಯಾಕೆ ಅಂತ ಹೇಳಿದ್ರೆ ಕೊಟ್ಟುಬಿಡ್ತಿದ್ರು. ಹೇಳೋಕೆ ಬಾಯಿ ಬರಲಿಲ್ಲ.”

ಇಸ್ತ್ರಿಯವನೂ ಅವನ ಹೆಂಡತಿಯೂ ಪಂಚರಾಗಿ ಸಹಿ ಹಾಕಿದರು. ಹನ್ನೆರಡು ಇಪ್ಪತ್ತಕ್ಕೆ ಬಂಧನವಾಯಿತು. ದಫ್ತರಪ್ಪ ಗೊಂಬೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಲು ಹೋದಾಗ ಆಕೆ ತಡೆದಳು. “ಅದರಲ್ಲಿ ಮೈ ಅಂಟಂಟಾಗುತ್ತೆ ಅಣ್ಣಾ.” ಅವನು ಇನ್ಸ್‌ಪೆಕ್ಟರಮ್ಮನ ಮುಖ ನೋಡಿ, ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಅದರಲ್ಲಿ ಸುತ್ತಿ ಮೊಹರು ಹಾಕಿದ.

ನಾಲ್ಕು ಗಂಟೆಗೆ ಟೀಚರು ಠಾಣೆಯಲ್ಲಿ ಗೊಂಬೆಯನ್ನು ಗುರುತಿಸಿದರು. ಜೊತೆಗಿದ್ದ ಮಗ ಹಸಿರು ಕಿವಿಯನ್ನೂ ಬೆರಳನ್ನೂ ಬಹಳ ಹೊತ್ತು ನೋಡಿದ. ಭಾನುವಾರಕ್ಕೆ ಮೊದಲೇ ತನ್ನ ಜೇಬು ಸೇರಿದ್ದ ಬೀರುವಿನ ಕೀಲಿಯನ್ನು ತೆಗೆದು ಅಮ್ಮನ ಅಂಗೈಯಲ್ಲಿಟ್ಟ. ಟೀಚರು ಅದನ್ನು ನೋಡದೆಯೇ ಕೇಳಿದರು, ದೂರು ವಾಪಸ್ ತಗೋಬಹುದಾ ಎಂದು. ಅದು ಇನ್ನು ಕೋರ್ಟಿನ ಮಾತು, ಅಲ್ಲಿ ನಿಮ್ಮ ಮಾತನ್ನೂ ಕೇಳುತ್ತಾರೆ ಎಂದರು ಇನ್ಸ್‌ಪೆಕ್ಟರಮ್ಮ.

“ಹನಿ ಹಾಕೋವಾಗ ಅವಳ ಕೈ ಒಂದಿನವೂ ನಡುಗಲಿಲ್ಲ,” ಎಂದರು ಟೀಚರು.

ಗೊಂಬೆ ಡಾಕ್ಟರ ಹೇಳಿಕೆ ಒಂದೇ ಪುಟ. ಅವಳ ತಂಗಿ ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಹನ್ನೊಂದು ದಿನ ಮಲಗಿದಲ್ಲೇ ಇದ್ದ ಮಗು, ನೋವು ಬಂದಾಗಲೆಲ್ಲ ಗೊಂಬೆಯ ಕೈ ಕಚ್ಚುತ್ತಿತ್ತು. ಆಮೇಲೆ ಮನೆ ಖಾಲಿ ಮಾಡುವಾಗ ಗೊಂಬೆ ಯಾವುದೋ ಗಂಟಿನ ಜೊತೆ ಹೋಯಿತು. ನಲವತ್ತೈದು ವರ್ಷದ ನಂತರ, ಕಾಲಿನ ಕೀಲು ಸಡಿಲವಾಗಿದೆಯೆಂದು ಟೀಚರು ತಂದುಕೊಟ್ಟ ಗೊಂಬೆಯ ಕೈಗವಸು ಬಿಚ್ಚಿದಾಗ ಆ ಕಚ್ಚಿದ ಗುರುತು ಸಿಕ್ಕಿತು.

ಜಪ್ತಿ ಪಟ್ಟಿಯಲ್ಲಿ ದಫ್ತರಪ್ಪ ಬರೆದಿದ್ದ: ಹಳೆಯ ಗೊಂಬೆ ಒಂದು, ಎಡಗೈಯ ಎರಡು ಬೆರಳುಗಳಲ್ಲಿ ಹಲ್ಲಿನ ಗುರುತು. ಇನ್ಸ್‌ಪೆಕ್ಟರಮ್ಮ ಓದಿ, ಸಹಿ ಹಾಕುವ ಮೊದಲು ಪೆನ್ನಿನಲ್ಲಿ ಒಂದು ಮಾತು ಸೇರಿಸಿದರು: ಹಾಲುಹಲ್ಲು.