ಬೀಗತಿಯ ಹೇಸಿಗೆ

ಶಿವಶರಣಪ್ಪ ಸೋಫಾದ ಮೇಲೆ ಹಳೆಯ ಪೇಪರ್ ಹಾಸಿ, ಅದರ ಮೇಲೆ ಕೂತರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಿಶಾಲಾಕ್ಷಿಗೆ ಹೊಟ್ಟೆ ತೊಳಸಿತು. ನಿಜ ಹೇಳಬೇಕೆಂದರೆ ಅವಳ ಹೊಟ್ಟೆ ತೊಳಸದ ವಸ್ತು ಹೈದರಾಬಾದಿನಲ್ಲಿ ಕಡಿಮೆ. ಲಿಫ್ಟಿನ ಗುಂಡಿಯನ್ನು ಕೀಲಿಕೈಯಿಂದ ಒತ್ತುವವಳು. ಕೈ ತೊಳೆಯುವ ಮೊದಲು ನಲ್ಲಿಯನ್ನು ತೊಳೆಯುವವಳು. ಹಿಮಾಯತ್‌ನಗರದ ಫುಟ್‌ಪಾತಿನಲ್ಲಿ ನೆರಿಗೆ ಎತ್ತಿ ಹಿಡಿದು, ಉಗುಳು ಬಿದ್ದ ಜಾಗ ಬಿಟ್ಟು ಬಿಟ್ಟು ಅವಳು ನಡೆಯುವುದನ್ನು ಕಂಡು ಬಳೆ ಅಂಗಡಿಯವರು ನಗುತ್ತಿದ್ದರು. ಆದರೆ ಇವತ್ತು ಹೊಟ್ಟೆ ತೊಳಸಿದ್ದು ಹೊಲಸಿಗಲ್ಲ. ಹೊಲಸು ಮನುಷ್ಯನೊಬ್ಬ ಇದ್ದಕ್ಕಿದ್ದಂತೆ ಶುಚಿಯಾದದ್ದಕ್ಕೆ.

"ಏನ್ರಿ ಬೀಗರ, ನನ್ನ ಸೋಫಾ ಅಷ್ಟು ಹೊಲಸು ಆಗೇತೇನು?"

"ಸೋಫಾ ಛಲೋ ಐತ್ರಿ ಬೀಗತ್ಯಾರ. ಅದು ಕೆಡಬಾರದಂತ ಹಾಕ್ಕೊಂಡೆ."

ನಗು ಎಂದಿನದೇ. ಆದರೆ ಎಡಹುಬ್ಬು ಏರಲಿಲ್ಲ. ಚೇಷ್ಟೆ ಮಾಡುವಾಗ ಅವರ ಎಡಹುಬ್ಬೊಂದೇ ಮೆಲ್ಲಗೆ ಮೇಲೆ ಹೋಗುತ್ತಿತ್ತು. ಅದನ್ನು ನೋಡಲೆಂದೇ ವಿಶಾಲಾಕ್ಷಿ ಎಷ್ಟೋ ಸಲ ಕಾರಣವಿಲ್ಲದೆ ಸಿಡುಕಿದ್ದಳು.

ಅವರಿಬ್ಬರೂ ಬೀಗರು. ಅವಳ ಮಗಳು ಸ್ನೇಹಲತಾ, ಅವರ ಮಗ ಚೇತನಕುಮಾರ. ಗಂಡ ಹೆಂಡತಿ ಇಂಗ್ಲೆಂಡಿನ ಲೀಡ್ಸಿನಲ್ಲಿ. ಮಗಳು ನರ್ಸ್, ಅಳಿಯ ಔಷಧದಂಗಡಿಯಲ್ಲಿ. ಇಬ್ಬರದೂ ಶಿಫ್ಟಿನ ಕೆಲಸ. ಮೊಮ್ಮಗ ಸೃಜನ್ ಹುಟ್ಟಿದ ಮೇಲೆ ಅಜ್ಜನಿಗೂ ಆಯಿಗೂ ಶಿಫ್ಟ್ ಬಿತ್ತು. ವೀಸಾ ಒಂದು ಸಲಕ್ಕೆ ಆರು ತಿಂಗಳು. ಇವಳು ಬಂದರೆ ಅವರು ಹೋಗಬೇಕು, ಅವರು ಬಂದರೆ ಇವಳು. ಇವಳ ಗಂಡನೂ ಅವರ ಹೆಂಡತಿಯೂ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಎರಡು ಮನೆಗೂ ಸೇರಿ ಒಂದೇ ದೊಡ್ಡ ಸೂಟ್‌ಕೇಸ್. ಬಂದವರು ಅದನ್ನು ಹೋಗುವವರಿಗೆ ಒಪ್ಪಿಸಬೇಕು. ನಡುವಿನ ನಾಲ್ಕಾರು ದಿನ ಮಗಳು ರಜೆ ಹಾಕಿ ಸಂಭಾಳಿಸುತ್ತಿದ್ದಳು. ಲಿಂಗಂಪಲ್ಲಿಯ ಶಿವಶರಣಪ್ಪನವರೂ ಹಿಮಾಯತ್‌ನಗರದ ವಿಶಾಲಾಕ್ಷಿಯೂ ಒಂದೇ ಊರಿನಲ್ಲಿ ಇರುತ್ತಿದ್ದದ್ದು ಆ ನಾಲ್ಕಾರು ದಿನ ಮಾತ್ರ.

ಇಬ್ಬರ ಮೂಲವೂ ಕಲಬುರ್ಗಿ ಕಡೆ. ಅಲ್ಲಿನ ಬೀಗರಲ್ಲಿ ಚೇಷ್ಟೆ ಪದ್ಧತಿಯೇ. ಬೀಗ ಬೀಗತಿಯನ್ನು ಕಾಡಿದರೆ ಯಾರೂ ಬೇರೆ ಅರ್ಥ ಹಚ್ಚುವುದಿಲ್ಲ. ಆ ಪದ್ಧತಿಯ ಮರೆಯಲ್ಲಿ ಇವರಿಬ್ಬರೂ ಇಷ್ಟು ವರ್ಷ ಆರಾಮಾಗಿ ಅಡಗಿಕೊಂಡಿದ್ದರು.

ಲೀಡ್ಸಿನ ಮನೆಯಲ್ಲಿ ಹಿರಿಯರಿಗೆ ಇದ್ದದ್ದು ಒಂದೇ ಖೋಲಿ, ಒಂದೇ ಮಂಚ. ಆರು ತಿಂಗಳು ಶಿವಶರಣಪ್ಪ ಮಲಗಿ ಎದ್ದ ಹಾಸಿಗೆಯಲ್ಲಿ ಮುಂದಿನ ಆರು ತಿಂಗಳು ಅವಳು ಮಲಗಬೇಕು. ಮೊದಲ ಸಲ ಆ ಖೋಲಿಯ ಬಾಗಿಲು ತೆಗೆದಾಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಡ್ರಾಯರಿನಲ್ಲಿ ನಶ್ಯದ ಪುಡಿ. ದಿಂಬಿನ ಮೇಲೆ ನಶ್ಯದ ಕಂದು ಕಲೆ. ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ, ಮೂಗೊರೆಸಿದ ದಸ್ತಿ ಒಣಹಾಕಲು. ಅದನ್ನೆಲ್ಲ ತಿಕ್ಕಿ ತೊಳೆಯುವುದರಲ್ಲಿ ಕೈಯ ಚರ್ಮ ಸುಲಿಯಿತು. ಇನ್ನೇನು ಮುಗಿಯಿತು ಅನ್ನುವಾಗ ಕಿಟಕಿಯ ಎಡಬಲದ ಸಂದುಗಳಲ್ಲಿ ತುರುಕಿದ ಎರಡು ದಸ್ತಿ ಕಂಡವು. ಥೂ ಎಂದು ಇಕ್ಕಳದಿಂದ ಎಳೆದು ಹಾಕಿದಳು.

ಮರುದಿನ ಕುತ್ತಿಗೆ ಹಿಡಿದುಕೊಂಡಿತ್ತು. ಆ ಸಂದುಗಳಿಂದ ಬರುವ ಚಳಿಗಾಳಿ ನೇರ ತಲೆದಿಂಬಿಗೇ ಹೊಡೆಯುತ್ತಿತ್ತು. ವಿಶಾಲಾಕ್ಷಿ ಆ ದಸ್ತಿಗಳನ್ನು ಮೂರು ಸಲ ಕುದಿಸಿ, ಎರಡೇ ಬೆರಳಿನಲ್ಲಿ ಹಿಡಿದು, ಇದ್ದಲ್ಲೇ ತುರುಕಿದಳು. ತಿರುಗಿ ಬಂದಾಗ ಸೂಟ್‌ಕೇಸ್ ಒಪ್ಪಿಸುತ್ತ ಕೇಳಿದ್ದಳು.

"ಖಿಡಕ್ಯಾಗ ಆ ಹೊಲಸು ಯಾಕ ತುರುಕಿದ್ರಿ? ಅದೂ ಎರಡೆರಡು?"

"ನಾ ಬಲಕ್ಕ ಮಲಗಾಂವ್ರಿ. ನಿಮ್ಮ ಮಗ್ಗಲ ಯಾವುದೋ ಗೊತ್ತಿರಲಿಲ್ಲ. ಅದಕ್ಕ ಎರಡೂ ಕಡೆ ಮುಚ್ಚಿ ಬಂದೆ."

ಎಡಹುಬ್ಬು ಏರಿತ್ತು. ವಿಶಾಲಾಕ್ಷಿ ಅಡುಗೆಮನೆಗೆ ಹೋಗಿ ತೊಳೆದ ಬೋಗುಣಿಯನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು. ಅರವತ್ತು ದಾಟಿದ ಹೆಂಗಸಿಗೆ ಕಿವಿ ಬಿಸಿಯಾಗುವುದೆಂದರೆ ಅದೂ ಒಂದು ಹೇಸಿಗೆಯೇ ಅನ್ನಿಸಿತ್ತು.

ಅಂಥ ಮನುಷ್ಯ ಇವತ್ತು ಲೀಡ್ಸಿನಿಂದ ತಿರುಗಿ ಬಂದು, ಸೂಟ್‌ಕೇಸ್ ಒಪ್ಪಿಸಿ, ಪೇಪರ್ ಹಾಸಿ ಕೂತಿದ್ದರು. ಬಂದ ಕೂಡಲೇ ಕೈ ತೊಳೆದಿದ್ದರು, ನಲ್ಲಿಯನ್ನೂ ತೊಳೆದಿದ್ದರು. ಸೀನು ಬಂದಾಗ ಎದ್ದು ಬಾಲ್ಕನಿಗೆ ಹೋಗಿ ಬಂದರು. ಜೇಬಿನಲ್ಲಿ ನಶ್ಯದ ಡಬ್ಬಿಯ ಉಬ್ಬೂ ಇಲ್ಲ.

"ಸುಸಲಾ ಮಾಡೀನಿ, ತಿನ್ರಿ" ಎಂದು ಮಂಡಕ್ಕಿ ಒಗ್ಗರಣೆಯ ಪ್ಲೇಟು ಚಾಚಿದಳು.

"ಬ್ಯಾಡ್ರಿ. ಎಲ್ಲಾ ಕಡೆ ಚೆಲ್ಲತೈತಿ."

ವಿಶಾಲಾಕ್ಷಿಯ ಪಿತ್ತ ನೆತ್ತಿಗೇರಿತು. ತನ್ನ ಮಡಿಯನ್ನು ಅಣಕಿಸುತ್ತಿದ್ದಾರೆ ಎಂದೇ ಅವಳು ತಿಳಿದಳು.

"ಬೀಗರ, ಚೇಷ್ಟೆಗೂ ಒಂದು ಮಿತಿ ಇರ್ತೈತಿ. ನನ್ನನ್ನ ಹಂಗಿಸಾಕ ಸಮುದ್ರಾ ದಾಟಿ ಬಂದೀರೇನು?"

"ಹಂಗಲ್ರಿ."

"ಹಂಗಲ್ಲಂದ್ರ ಮೊದಲು ಆ ಪೇಪರ್ ತಗೀರಿ. ನೋಡಾಕ ಅಸಹ್ಯ ಆಗಾಕತ್ತೈತಿ."

ಶಿವಶರಣಪ್ಪ ಎದ್ದರು. ಪೇಪರನ್ನು ನೀಟಾಗಿ ಮಡಚಿ ತಮ್ಮ ಚೀಲದಲ್ಲೇ ಇಟ್ಟುಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಅವಳ ಮುಖ ನೋಡದೆ ಹೇಳಿದರು. "ಸೂಟ್‌ಕೇಸ್ ಇನ್ ಮ್ಯಾಲ ನಿಮ್ಮ ಕಡೇನ ಇರ್ಲಿ. ನನಗ ಬೇಕಾಗಂಗಿಲ್ಲ."

"ಯಾಕ?"

"ವಯಸ್ಸಾತ್ರಿ" ಎಂದು ಮೆಟ್ಟಿಲಿಳಿದು ಹೋದರು.

ಸಂಜೆ ಮಗಳ ವಿಡಿಯೋ ಕಾಲ್ ಬಂತು. ಸ್ನೇಹಲತಾ ಖುಷಿಯಲ್ಲಿದ್ದಳು. ಫೋನು ಹಿಡಿದುಕೊಂಡೇ ಖೋಲಿಯೊಳಗೆ ಹೋಗಿ ಸುತ್ತ ತೋರಿಸಿದಳು. ಹೊಸ ಗಾದಿ, ಬಿಳಿ ಬಣ್ಣದ ಗೋಡೆ. ಹಗ್ಗ ಇಲ್ಲ.

"ನಿನ್ನ ಖೋಲಿ ಹೆಂಗ ಮಾಡೀನಿ ನೋಡು ಮಮ್ಮಿ. ನೀ ಬರೂದ್ರಾಗ ಎಲ್ಲಾ ಕ್ಲೀನ್."

"ಖಿಡಕ್ಯಾಗಿನ ದಸ್ತಿ?"

"ಅವಾ? ಛೀ, ಗ್ಲೋವ್ಸ್ ಹಾಕ್ಕೊಂಡು ಕಸದಾಗ ಒಗದೆ. ಕೇಳು, ಮಾವಾರನ್ನ ಇನ್ ಮ್ಯಾಲ ಕರಸೂದಿಲ್ಲ ಅಂತ ಚೇತನ್‌ಗೂ ಹೇಳಿಬಿಟ್ಟೀನಿ. ಸಾಕಾಗಿ ಹೋಗಿತ್ತು. ನಶ್ಯದ ಡಬ್ಬಿ ಕಸಗೊಂಡ್ವಿ. ಕೂಡೋ ಕಡೆಯೆಲ್ಲ ಪೇಪರ್ ಹಾಸ್ಕೊಳ್ರಿ ಅಂದ್ವಿ. ಸೃಜನ್ ಸುದ್ದಾ ಅವರು ಎತ್ಕೊಳ್ಳಾಕ ಬಂದ್ರ ಮೂಗು ಹಿಡ್ಕೊಂಡು ‘ಯಕ್ ಅಜ್ಜ’ ಅಂತಾನ. ಭಾಳ ಕ್ಯೂಟ್ ಅಂತಾನ ಮಮ್ಮಿ."

"ಅದಕ್ಕ ಅವರೇನಂದ್ರು?"

"ಏನಂತಾರ? ನಕ್ಕರು."

ವಿಶಾಲಾಕ್ಷಿಗೆ ಈಗ ಹಾಸಿದ ಪೇಪರು, ತೊಳೆದ ನಲ್ಲಿ, ಬಾಲ್ಕನಿಯ ಸೀನು, ಎಲ್ಲ ಒಟ್ಟಿಗೇ ತಿಳಿಯಿತು. ಮಗಳ ಮನೆಯಲ್ಲಿ ಕಲಿಸಿದ ಪಾಠವನ್ನು ಆ ಮನುಷ್ಯ ಇಲ್ಲಿ ಬಂದು ಒಪ್ಪಿಸಿದ್ದರು. ತಾನು ಅವರನ್ನು ಬೈದು ಕಳಿಸಿದ್ದಳು.

"ಇನ್ನ ನೀ ಒಬ್ಬಾಕೀನ ಬರ್ತಾ ಹೋಗ್ತಾ ಇರು" ಎಂದಳು ಮಗಳು. "ಅಷ್ಟ್ಯಾಕ, ನೀನ ಅಂತಿದ್ದಿ ಅಲ್ಲ, ಆ ಮನುಷ್ಯನ್ನ ಕಂಡ್ರ ವಾಕರಿಕಿ ಬರ್ತೈತಿ ಅಂತ."

ಅಂದದ್ದು ನಿಜ. ನೂಲಿನಂತೆ ಸೀರೆ. ಸಿಂಡರಿಸಿದ ಮೂಗು, ಇಳಿದ ತುಟಿ. ತೆರೆಯ ಮೇಲೆ ಮಗಳಿದ್ದರೂ ಕಂಡದ್ದು ವಿಶಾಲಾಕ್ಷಿಯದೇ ಮುಖ. ಅವಳು ಅದನ್ನು ಎದುರಿನಿಂದ ನೋಡಿದ್ದು ಇದೇ ಮೊದಲು. ಅದರಷ್ಟು ಹೇಸಿಗೆಯದನ್ನು ಅವಳು ಯಾವ ಚರಂಡಿಯಲ್ಲೂ ಕಂಡಿರಲಿಲ್ಲ. ತಲೆನೋವೆಂದು ಹೇಳಿ ಫೋನಿಟ್ಟಳು.

ಗುರುವಾರ ಅವಳ ವಿಮಾನ. ಹೋದರೆ ಸೃಜನ್ ಸಿಗುತ್ತಾನೆ. ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿಯದೆ ಆ ಕೂಸು ನಿದ್ದೆ ಮಾಡುವುದಿಲ್ಲ. ಆದರೆ ಹೋದರೆ ಶಿವಶರಣಪ್ಪ ಹೋದಂತೆಯೇ. ಇನ್ನು ಒಪ್ಪಿಸಲು ಸೂಟ್‌ಕೇಸಿಲ್ಲ, ಭೇಟಿಗೆ ನೆಪವಿಲ್ಲ. ಆ ಖೋಲಿಯಲ್ಲಿ ಅವರ ಹೊಲಸೂ ಇರುವುದಿಲ್ಲ. ಬಿಳಿ ಗೋಡೆಯ ಆ ಶುಚಿಯಾದ ಖೋಲಿಯನ್ನು ನೆನೆಸಿಕೊಂಡರೆ ಅವಳಿಗೆ ಅಳು ಬಂತು.

ಮರುದಿನ ಮಧ್ಯಾಹ್ನ ಅವಳು ಲೋಕಲ್ ರೈಲು ಹತ್ತಿದಳು. ರಿಟೈರಾದ ರೈಲ್ವೆ ಗಾರ್ಡ್ ಶಿವಶರಣಪ್ಪ ದಿನಾ ಇಳಿಹೊತ್ತಿಗೆ ಲಿಂಗಂಪಲ್ಲಿ ಸ್ಟೇಷನ್ನಿನ ಎದುರು ಚಾ ಕುಡಿಯುತ್ತ ಕೂರುತ್ತಾರೆಂದು ಗೊತ್ತಿತ್ತು. ರೈಲಿನ ಸಪ್ಪಳ ಕೇಳದಿದ್ದರೆ ಅವರಿಗೆ ಚಾ ಇಳಿಯುವುದಿಲ್ಲವಂತೆ. ಬೋಗಿಯ ತುಂಬ ಶೇಂಗಾ ಸಿಪ್ಪೆ. ಕಿಟಕಿಯ ಸರಳಿಗೆ ಯಾರದೋ ತಲೆಯೆಣ್ಣೆ. ಬೇಗಂಪೇಟೆಯಲ್ಲಿ ಹತ್ತಿದವನೊಬ್ಬ ಬಾಗಿಲಲ್ಲಿ ನಿಂತು ಉಗುಳಿದ್ದು ಗಾಳಿಗೆ ತಿರುಗಿ ಒಳಗೇ ಬಂತು. ವಿಶಾಲಾಕ್ಷಿ ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು, ಲಿಂಗಂಪಲ್ಲಿ ಬರುವವರೆಗೆ ಕೂತಳು.

ಶಿವಶರಣಪ್ಪ ಬೆಂಚಿನ ಮೇಲೆ ಒಬ್ಬರೇ ಇದ್ದರು. ಕೈಯಲ್ಲಿ ಅರ್ಧ ಕುಡಿದ ಚಾ. ಅವಳನ್ನು ಕಂಡು ದಡಬಡಿಸಿ ಎದ್ದರು.

"ನೀವು ರೈಲಿನಾಗ ಬಂದ್ರೇನು? ತಡೀರಿ, ಬೆಂಚು ಹೊಲಸೈತಿ" ಎಂದು ಚೀಲಕ್ಕೆ ಕೈ ಹಾಕಿ ಪೇಪರ್ ತೆಗೆಯಹೋದರು.

"ಹಾಸಬ್ಯಾಡ್ರಿ" ಎಂದು ವಿಶಾಲಾಕ್ಷಿ ಕೂತೇಬಿಟ್ಟಳು. ಸೀರೆಗೆ ತಣ್ಣಗೆ ಏನೋ ಅಂಟಿತು. ಅದೇನೆಂದು ತಿಳಿದುಕೊಳ್ಳಲು ಅವಳು ಹೋಗಲಿಲ್ಲ. "ನನಗ ಯಾಕ ಹೇಳಲಿಲ್ಲ?"

ಅವರಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತು ಚಾದ ಗ್ಲಾಸನ್ನು ತಿರುಗಿಸುತ್ತ ಹೇಳಿದರು. "ಏನಂತ ಹೇಳೂದ್ರಿ? ನನ್ನ ಸೊಸಿ ನಿಮ್ಮ ಮಗಳು. ತಾಯಿ ಮುಂದ ಮಗಳ ಚಾಡಿ ಹೇಳಲೇನು? ಮತ್ತ ಅಕಿ ಅಂದದ್ದು ಸುಳ್ಳೂ ಅಲ್ಲ. ನೀವೂ ಅದನ್ನ ಅಂತಿದ್ರಿ."

"ಅಂತಿದ್ದೆ. ಈಗೂ ಅಂತೀನಿ. ನಿಮ್ಮ ನಶ್ಯ ಹೇಸಿಗಿ. ನಿಮ್ಮ ದಸ್ತಿ ಹೇಸಿಗಿ. ನೀವು ಸೀನಿದ್ರ ನನಗ ಜಳಕಾ ಮಾಡಬೇಕು ಅನಸ್ತೈತಿ. ಆದ್ರ ಆ ದಸ್ತಿ ನಾ ಒಗದಿಲ್ಲ. ಕುದಿಸಿ ಮತ್ತ ಅಲ್ಲೇ ಇಟ್ಟೀನಿ. ಎಷ್ಟು ವರ್ಷಾತು, ಪ್ರತೀ ಸಲ ಇಟ್ಟೀನಿ." ಅವಳು ಅವರ ಕಡೆಗೆ ತಿರುಗಿದಳು. "ನಿಮಗ ಹೇಸಿಕೊಳ್ಳೋ ಹಕ್ಕು ನಂದ್ರಿ. ಅದನ್ನ ನಾ ಬ್ಯಾರೆ ಯಾರಿಗೂ ಕೊಟ್ಟಿಲ್ಲ. ನನ್ನ ಮಗಳಿಗೂ ಕೊಟ್ಟಿಲ್ಲ."

ಶಿವಶರಣಪ್ಪನವರ ಎಡಹುಬ್ಬು ಏರಲು ಹೋಗಿ ನಡುವೆಯೇ ನಿಂತಿತು. ಕಣ್ಣಂಚು ಒದ್ದೆಯಾಯಿತು. ಒರೆಸಿಕೊಳ್ಳಲು ದಸ್ತಿ ಹುಡುಕಿದರು, ಅವಳೆದುರು ತೆಗೆಯಲು ಅಂಜಿ ಬಿಟ್ಟರು. ವಿಶಾಲಾಕ್ಷಿಯೇ ಸೆರಗಿನ ತುದಿಯನ್ನು ಅವರ ಕಡೆಗೆ ಚಾಚಿದಳು.

"ಬೀಗತ್ಯಾರ, ಇದು ಚೇಷ್ಟೆ ಏನ್ರಿ?"

"ಅಲ್ಲ."

ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆಗಲೇ ಮಗಳ ಫೋನು ಬಂತು. ವಿಶಾಲಾಕ್ಷಿ ಶಿವಶರಣಪ್ಪನವರನ್ನೇ ನೋಡುತ್ತ ಮಾತಾಡಿದಳು.

"ಗುರುವಾರ ನಾ ಬರಂಗಿಲ್ಲ, ಸ್ನೇಹಾ."

"ಮಮ್ಮಿ, ಶುಕ್ರವಾರದಿಂದ ನನ್ನ ಶಿಫ್ಟ್ ಐತಿ. ಸೃಜನ್‌ನ ಯಾರು ನೋಡ್ಕೋಬೇಕು?"

"ಇನ್ನಷ್ಟು ರಜಾ ಹಾಕು. ಬಂದ್ರ ನಾವಿಬ್ಬರೂ ಕೂಡೇ ಬರ್ತೀವಿ, ನಾನೂ ನಿಮ್ಮ ಮಾವಾರೂ. ಗಂಡ ಹೆಂಡತಿ ಆಗಿ. ಕರಸೂದಿದ್ರ ಇಬ್ಬರನ್ನೂ ಕರಸು. ಇಲ್ಲಾಂದ್ರ ಇಬ್ಬರೂ ಇಲ್ಲೇ ಇರ್ತೀವಿ."

ಶಿವಶರಣಪ್ಪ ಬಿಟ್ಟ ಬಾಯಿ ಬಿಟ್ಟಂತೆಯೇ ಕೂತಿದ್ದರು. ಅವಳು ಹುಬ್ಬು ಗಂಟಿಕ್ಕಿ ಏನಂತೀರಿ ಎಂಬಂತೆ ನೋಡಿದಳು. ಅವರು ತಲೆಯಾಡಿಸಿದರು, ಒಂದಲ್ಲ ಎರಡು ಸಲ.

"ಛೀ ಮಮ್ಮಿ. ಈ ವಯಸ್ಸಿನಾಗ? ಅದೂ ಬೀಗರ ಜೋಡಿ? ಕೇಳಾಕ ಹೇಸಿಗಿ ಆಗ್ತೈತಿ."

"ಆಗ್ತೈತಿ. ನನಗೂ ಆಗಿತ್ತು. ರೂಢಿ ಆಗ್ತೈತಿ ಬಿಡು."

ಆ ಕಡೆಯಿಂದ ಫೋನು ಕಟ್ಟಾಯಿತು. ವಿಶಾಲಾಕ್ಷಿ ಫೋನನ್ನು ಚೀಲದಲ್ಲಿಟ್ಟಳು. ಇನ್ನು ಎಷ್ಟು ಕಾಲ ಮೊಮ್ಮಗನ ಮುಖ ಕಾಣುವುದಿಲ್ಲವೋ, ಮಗಳು ಮತ್ತೆ ಮಾತಾಡುತ್ತಾಳೋ ಇಲ್ಲವೋ, ಅವಳಿಗೆ ತಿಳಿಯದು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

"ಮಂದಿ ಏನಂತಾರ್ರಿ?" ಶಿವಶರಣಪ್ಪ ಮೆಲ್ಲಗೆ ಕೇಳಿದರು.

"ಥೂ ಅಂತಾರ. ಅನ್ನಲಿ."

"ನಿಮ್ಮ ಗಂಟಲಾ ಒಣಗೇತಿ. ಒಂದು ಚಾ ಹೇಳಲೇನ್ರಿ?"

"ಬ್ಯಾಡ" ಎಂದು ವಿಶಾಲಾಕ್ಷಿ ಅವರ ಕೈಯಲ್ಲಿದ್ದ ಗ್ಲಾಸನ್ನೇ ತೆಗೆದುಕೊಂಡಳು. ಅಂಚಿಗೆ ಅವರ ಮೀಸೆ ತಾಗಿದ ಕೆನೆ ಹತ್ತಿತ್ತು. ಆದರೂ ಅವಳು ಗ್ಲಾಸನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳಲಿಲ್ಲ.

"ಎಂಜಲ್ರಿ ಅದು" ಎಂದರು ಶಿವಶರಣಪ್ಪ, ಉಸಿರಿನಲ್ಲೇ.

"ಗೊತ್ತೈತಿ."

ಚಾ ತಣ್ಣಗಾಗಿತ್ತು. ಪಾಕದಂತೆ ಸಿಹಿ, ತಳದಲ್ಲಿ ಪುಡಿಯ ಗಸಿ. ಅವಳು ಕಣ್ಣು ಮುಚ್ಚದೆ, ಅವರನ್ನೇ ನೋಡುತ್ತ, ಕೊನೆಯ ಗುಟುಕಿನವರೆಗೂ ಕುಡಿದಳು. ಆಮೇಲೆ ಗ್ಲಾಸು ಕೆಳಗಿಟ್ಟು ಮುಖ ಕಿವುಚಿದಳು.

"ಸಕ್ರಿ ಭಾಳ ಹಾಕಸ್ಕೋತೀರಿ" ಎಂದಳು. "ನಾಳಿಯಿಂದ ನಾ ಮಾಡಿಕೊಟ್ಟದ್ದು ಕುಡೀರಿ."