ಒಂದು ಉದ್ಧರಣೆ ತೀರ್ಥ

ಮೀನುಗಳು ಈಜುತ್ತಿದ್ದವು. ಉಳಿದದ್ದೆಲ್ಲ ಸತ್ತಿತ್ತು.

ಗಾಜಿನ ತೊಟ್ಟಿಯ ಮೇಲಿನ ಬಟ್ಟೆಯನ್ನು ಎಳೆದ ಶ್ವೇತ ಆ ಬಟ್ಟೆಯನ್ನು ಹಿಡಿದೇ ನಿಂತಳು. ಹವಳಗಳು ಬಿಳಿಚಿ, ಲೋಳೆಯಾಗಿ, ಕಲ್ಲುಗಳಿಂದ ಜೋತುಬಿದ್ದಿದ್ದವು. ಕೆಂಪು ಪಟ್ಟೆಯ ಸೀಗಡಿಗಳು ಮರಳಿನ ಮೇಲೆ ಅಂಗಾತ. ಶಂಖದ ಹುಳುಗಳು ಗಾಜಿನಿಂದ ಕಳಚಿ ಉದುರಿದ್ದವು. ಈ ಹೆಣಗಳ ಮೇಲೆ ಎರಡು ಕಿತ್ತಳೆ ಬಣ್ಣದ ಮೀನುಗಳು, ತಮಗೇನೂ ಸಂಬಂಧವಿಲ್ಲವೆಂಬಂತೆ ಸುತ್ತುತ್ತಿದ್ದವು.

ನಾಪೋಕ್ಲಿನ ಮೇಲಿನ ಗುಡ್ಡದಲ್ಲಿರುವ ಈ ಹೋಮ್‌ಸ್ಟೇಯ ಹೊಸ ಊಟದ ಹಾಲ್‌ಗೆ ಅಂದು ಪ್ರವೇಶ. ಪ್ರಾರ್ಥನೆಗೆ ಎರಡು ಪದ್ಯ ಹೇಳಲು ಊರಿನ ಮೇಷ್ಟ್ರಾದ ನನ್ನನ್ನು ಕರೆದಿದ್ದರು. ಮನೆಯ ಹಿರಿಯರೆಂದು ಪ್ರವೀಣನ ಸೋದರಮಾವ ಮೊಣ್ಣಪ್ಪ ಬಂದಿದ್ದರು. ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ನಾನು ಅವರ ಜೀಪಿನಲ್ಲೇ ಬಂದಿದ್ದೆ. 

ಮೊದಲು ಮಾತಾಡಿದವನು ಪ್ರವೀಣ, ಶ್ವೇತಳ ಗಂಡ.

"ತಾಮ್ರ! ತಾಮ್ರ ಬಿದ್ದಿದೆ ಇದಕ್ಕೆ! ಈ ಮೂಕಾಂಬಿಕಮ್ಮ ನಿನ್ನೆ ತಾಮ್ರದ ಚೊಂಬು ತಂದು ತೀರ್ಥ ಸುರಿದಿದ್ದಾರೆ. ಕೇಳು ಅವರನ್ನೇ!"

ಅಡಿಗೆಮನೆಯ ಬಾಗಿಲಲ್ಲಿ ಮೂಕಾಂಬಿಕಮ್ಮ ನಿಂತಿದ್ದರು. ಭಾಗಮಂಡಲದ ಕಡೆಯವರು. ಗಂಡ ತೀರಿದ ಮೇಲೆ ಇಲ್ಲೇ ಅಡಿಗೆ, ಇಲ್ಲೇ ವಾಸ.

"ಹಾಕಿದ್ದು ಹೌದು," ಎಂದರು ಮೆಲ್ಲಗೆ. "ಶುಭವಾಗಲಿ ಅಂತ…"

ಶ್ವೇತಳ ಮುಖ ಕೆಂಪಾಯಿತು.

"ಶುಭವಾ? ನೋಡಿ ನಿಮ್ಮ ಶುಭ! ಕಣ್ಣು ಬಿಟ್ಟು ನೋಡಿ! ತಿಂಗಳುಗಟ್ಟಲೆ ಬರೀ ಉಪ್ಪುನೀರು, ಕಲ್ಲು ಇಟ್ಟುಕೊಂಡು ಕಾದೆ. ನೀರು ಹದ ಆಗದೆ ಒಂದು ಹುಳವನ್ನೂ ಬಿಡಲಿಲ್ಲ. ಬಂದವರೆಲ್ಲ ಮೀನಿಲ್ಲದ ತೊಟ್ಟಿ ಅಂತ ನಕ್ಕರು. ನಕ್ಕಿದ್ದನ್ನು ಸಹಿಸಿದೆ. ಮಂಗಳೂರಿಂದ ಒಂದೊಂದೇ ಹವಳ ಮಡಿಲಲ್ಲಿಟ್ಟುಕೊಂಡು ತಂದೆ! ಮುಟ್ಟಬೇಡಿ ಅಂತ ಹೇಳಿದ್ದೆನೋ ಇಲ್ಲವೋ?"

"ಮಧ್ಯಾಹ್ನದ ಬಸ್ಸಿಗೆ ಹೊರಡಲಿ," ಎಂದ ಪ್ರವೀಣ. "ಇನ್ನು ಇವರ ಕೈಯ ಅಡಿಗೆ ಬೇಡ. ಇವತ್ತು ತೊಟ್ಟಿಗೆ ವಿಷ ಹಾಕಿದವರು ನಾಳೆ ಅತಿಥಿಗಳ ಸಾರಿಗೆ ಹಾಕೋಲ್ಲ ಅಂತ ಏನು ಗ್ಯಾರಂಟಿ?"

ವಿಷ. ತಲಕಾವೇರಿಯ ನೀರಿಗೆ ಆ ಮಾತು. ನನ್ನ ಮೈ ಉರಿಯಿತು. ಆದರೂ ಸುಮ್ಮನಿದ್ದೆ, ಅದಕ್ಕೂ ನನ್ನ ಮೇಲೆಯೇ ಸಿಟ್ಟು ಬಂತು.

ಮೂಕಾಂಬಿಕಮ್ಮ ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಸೀಸೆ ತಂದು ಬಾಳೆಯ ಬುಡದ ಕಡೆ ನಡೆದರು. ಮುಚ್ಚಳ ತೆಗೆದು ಸೀಸೆಯನ್ನು ಓರೆ ಮಾಡಹೊರಟರು.

"ಏನು ಮಾಡ್ತಿದ್ದೀರಿ?" ಮೊಣ್ಣಪ್ಪ ಕೇಳಿದರು.

"ಚೆಲ್ತೇನೆ. ನನ್ನ ಕೈಯಲ್ಲಿ ಕಾವೇರಿ ಅಮ್ಮನ ನೀರೂ ವಿಷ ಆಯ್ತಲ್ಲ. ಇನ್ನು ಯಾಕೆ ಇಟ್ಟುಕೊಳ್ಳಲಿ?"

"ಚೆಲ್ಲಬೇಡಿ. ಅದು ಸಾಕ್ಷಿ. ಸಾಕ್ಷಿ ನಾಶಪಡಿಸಿದರೆ ನಿಮ್ಮ ಮೇಲೆ ಬೇರೆ ಕೇಸು ಹಾಕಬೇಕಾಗ್ತದೆ. ಒಳಗೆ ಬನ್ನಿ."

ಮೊಣ್ಣಪ್ಪ ಬೆಂಚಿನ ಮೇಲೆ ಕೂತರು. ಉಳಿದವರನ್ನು ನಿಲ್ಲಿಸಿದರು.

"ಎಷ್ಟು ತೀರ್ಥ ಹಾಕಿದ್ರಿ ಅಮ್ಮಾ?"

"ಒಂದು ಉದ್ಧರಣೆ. ಒಂದು ಚಮಚದಷ್ಟು."

"ಚೊಂಬಿನಿಂದಲಾ?"

"ಚೊಂಬು ಎಲ್ಲಿಂದ ಬಂತು? ಕಳೆದ ತೀರ್ಥೋದ್ಭವದಲ್ಲಿ ತಲಕಾವೇರಿಯಿಂದ ತಂದದ್ದು, ಈ ಗಾಜಿನ ಸೀಸೆಯಲ್ಲೇ ಇರೋದು. ಉದ್ಧರಣೆ ನನ್ನ ತಾಯಿಯದು. ಬೆಳ್ಳಿ."

"ಹಾಕುವಾಗ ಯಾರಾದರೂ ನೋಡಿದ್ರಾ?"

"ಯಾರೂ ಇರಲಿಲ್ಲ. ಸಂಜೆ ಕಾಫಿ ಕೊಡುವಾಗ ಪ್ರವೀಣಪ್ಪನಿಗೆ ನಾನೇ ಹೇಳಿದೆ, ತೀರ್ಥ ಹಾಕಿದ್ದೇನೆ ಅಂತ. ಒಳ್ಳೇದಾಯ್ತು ಅಂದ್ರು."

ಪ್ರವೀಣ ಕೆಮ್ಮಿದ. "ಆಗ ನನಗೆ ಹೊಳೀಲಿಲ್ಲ ಮಾವ."

"ಸರಿ ಮಾರಾಯ. ಶ್ವೇತ, ನೀನು ಎಲ್ಲಿದ್ದೆ?"

"ಸಂಪಾಜೆಯಲ್ಲಿ, ಅಮ್ಮನ ಮನೆಯಲ್ಲಿ. ಮೊನ್ನೆ ಹೋದವಳು ಈಗ ತಾನೇ ಬಂದದ್ದು. ಹೋಗುವಾಗ ಎಲ್ಲ ಚೆನ್ನಾಗಿತ್ತು. ಬಟ್ಟೆ ಹೊದಿಸಿದ್ದು ನಾನೇ."

"ಆಮೇಲೆ ನೀರು ಮುಟ್ಟಿದ್ದು ಯಾರು?"

"ಯಾರೂ ಇಲ್ಲ," ಎಂದ ಪ್ರವೀಣ. "ಈಯಮ್ಮ ಬಿಟ್ಟರೆ."

ಶ್ವೇತ ತೊಟ್ಟಿಯ ಕೆಳಗಿನ ಕಪಾಟು ತೆರೆದಳು. ಬಗ್ಗಿದವಳು ಹಾಗೇ ನಿಂತಳು.

"ರೀ… ಸಮುದ್ರದ ಉಪ್ಪಿನ ಮೂಟೆ ಯಾರು ಬಿಚ್ಚಿದ್ದು? ಇದರ ಹೊಲಿಗೆ ನಾನು ಬಿಚ್ಚಿರಲಿಲ್ಲ."

ಮೊಣ್ಣಪ್ಪ ಪ್ರವೀಣನ ಕಡೆ ತಿರುಗಿದರು.

"ಹಾಂ… ಅದು… ಸ್ವಲ್ಪ ನೀರು ಬದಲಾಯಿಸಿದೆ," ಎಂದ ಪ್ರವೀಣ. "ನಿನ್ನೆ ಬೆಳಿಗ್ಗೆ. ನೀರು ಮಬ್ಬಾಗಿ ಕಾಣ್ತಿತ್ತು. ಅತಿಥಿಗಳು ಬರ್ತಾರಲ್ಲ? ನೀನು ಹೇಳಿಕೊಟ್ಟ ಹಾಗೇ ಮಾಡಿದ್ದು. ಶುದ್ಧ ನೀರು, ಅಳತೆಯ ಉಪ್ಪು, ಮೀಟರ್ ಇಟ್ಟು ನೋಡಿಯೇ ಹಾಕಿದ್ದು."

"ಯಾವುದರಲ್ಲಿ ಕಲಸಿದ್ರಿ?"

"ನಿನ್ನ ಬಿಳಿ ಡ್ರಮ್ಮಿನಲ್ಲಿ. ಮತ್ತೆ ಯಾವುದರಲ್ಲಿ?"

ಮೂಕಾಂಬಿಕಮ್ಮ ತಲೆಯೆತ್ತಿದರು. "ಬಿಳಿ ಡ್ರಮ್ಮು ನನ್ನ ಅಡಿಗೆಮನೆಯಲ್ಲಿದೆಯಲ್ಲ? ಅತಿಥಿಗಳಿಗೆ ಕುಡಿಯೋ ನೀರು ತುಂಬಿಸಿಡಿ ಅಂತ ನೀವೇ ಹೇಳಿದ್ರಿ. ಮೊನ್ನೆಯಿಂದ ತುಂಬಿಯೇ ಇದೆ."

"ನಿಮ್ಮನ್ನು ಯಾರು ಕೇಳಿದ್ದು?" ಪ್ರವೀಣ ಗುಡುಗಿದ.

"ನಾನು ಕೇಳಿದ್ದು," ಎಂದರು ಮೊಣ್ಣಪ್ಪ. ದನಿ ಏರಲಿಲ್ಲ. ಎದ್ದು ಹೊರಗೆ ಹೋದರು. "ಮೇಷ್ಟ್ರೇ, ಬನ್ನಿ."

ಪಂಪ್‌ಶೆಡ್ಡಿನ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಕವುಚಿ ಬಿದ್ದಿತ್ತು. ಹೊಳೆಯುವ ಹಾಗೆ ಉಜ್ಜಿದ್ದರು. ಸುತ್ತ ನೆಲ ಇನ್ನೂ ಒದ್ದೆ. ಮೊಣ್ಣಪ್ಪ ತೋಟದ ಕಡೆ ನೋಡಿದರು. ಅರ್ಧ ತೋಟದ ಮೆಣಸಿನ ಬಳ್ಳಿಗಳ ಮೇಲೆ ಬೋರ್ಡೋ ಔಷಧಿಯ ತಿಳಿನೀಲಿ ಕಲೆ; ಇನ್ನರ್ಧ ಹಸಿರಾಗಿಯೇ ಇತ್ತು.

"ಸ್ಪ್ರೇ ಮುಗಿದಿಲ್ಲ ಮೇಷ್ಟ್ರೇ. ನಾಳೆ ಮತ್ತೆ ಇದೇ ಡ್ರಮ್ಮು ಬೇಕು. ಹಾಗಿರುವಾಗ ಇವತ್ತು ಬೆಳ್ಳಂಬೆಳಿಗ್ಗೆ ಇದನ್ನು ಬೆಳ್ಳಿ ತಟ್ಟೆ ತೊಳೆದ ಹಾಗೆ ಯಾರು ತೊಳೆದರು? ಯಾಕೆ?"

ಅವರು ಡ್ರಮ್ಮಿನ ಬುಡದ ನಲ್ಲಿಯನ್ನು ತಿರುಗಿಸಿ ಬಿಚ್ಚಿದರು. ಅದರೊಳಗೆ ನೀಲಿ ಹರಳು ಕಟ್ಟಿತ್ತು. ಅದನ್ನು ಒಂದು ಸ್ಟೀಲ್ ಲೋಟಕ್ಕೆ ಕೆರೆದು, ನೀರು ಹಾಕಿ ಕಲಕಿ, ಒಳಗೆ ತಂದರು.

"ಪ್ರವೀಣ, ನಿನ್ನ ಚೂರಿ ಕೊಡು."

"ಯಾಕೆ ಮಾವ?"

"ಕೊಡು ಅಂದೆ."

ಚೂರಿಯ ಅಲಗನ್ನು ಚೆನ್ನಾಗಿ ಉಜ್ಜಿ ಲೋಟದೊಳಗೆ ಇಳಿಬಿಟ್ಟರು. ತೋಟವಿರುವ ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಬೋರ್ಡೋ ಕಲಸಿದ ಮೇಲೆ ಚೂರಿ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಮೈಲುತುತ್ತ ಹೆಚ್ಚಾಗಿದೆ, ಇನ್ನೂ ಸುಣ್ಣ ಬೇಕೆಂದು ಅರ್ಥ.

ಮೊಣ್ಣಪ್ಪ ಚೂರಿ ಎತ್ತಿದರು.

ಅಲಗು ಕೆಂಪಾಗಿತ್ತು.

"ಇದು ತುತ್ತ ಕರಗಿಸುವ ಡ್ರಮ್ಮು. ತುತ್ತ ಅಂದರೆ ತಾಮ್ರ. ಬಿಳಿ ಡ್ರಮ್ಮು ಸಿಗಲಿಲ್ಲ, ಇವನು ಇದರಲ್ಲೇ ಉಪ್ಪುನೀರು ಕಲಸಿದ. ಶ್ವೇತ, ತಾಮ್ರ ಬಿದ್ದರೆ ಏನಾಗ್ತದೆ?"

ಶ್ವೇತ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ. "ಮೀನು ಸ್ವಲ್ಪ ತಾಮ್ರ ತಡೆದುಕೊಳ್ತದೆ. ಮೀನಿನ ಕಾಯಿಲೆಗೆ ತಾಮ್ರವೇ ಔಷಧಿ. ಹವಳ, ಸೀಗಡಿ, ಹುಳ ತಡೆದುಕೊಳ್ಳಲ್ಲ. ಕಲ್ಲು ಅದನ್ನು ಹೀರಿಟ್ಟುಕೊಳ್ತದೆ. ಈ ಕಲ್ಲಿನ ಮೇಲೆ ಇನ್ನು ಯಾವತ್ತೂ ಹವಳ ಬದುಕಲ್ಲ."

"ತಪ್ಪಾಯ್ತು," ಎಂದ ಪ್ರವೀಣ. "ಗೊತ್ತಿಲ್ಲದೆ ಆದದ್ದು. ಈಗಲೇ ತಿಳಿದದ್ದು ನನಗೂ."

"ಸುಳ್ಳು!" ಮೊಣ್ಣಪ್ಪ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ನೀಲಿ ನೀರು ಚಿಮ್ಮಿತು. "ಡ್ರಮ್ಮಿನಲ್ಲಿ ಕಲಸಿದ್ದು ಬರೀ ಗಡಿಬಿಡಿ. ಅದಕ್ಕೆ ನಾನು ಬೈದು ಬಿಡ್ತಿದ್ದೆ. ಆದರೆ ಮೇಷ್ಟ್ರೇ, ಕೇಳಿದ್ದನ್ನು ಮರೆಯುವ ಜನ ಅಲ್ಲ ನೀವು. ಬಟ್ಟೆ ಎಳೆದಾಗ ಇವನು ಮೊದಲು ಏನಂದ?"

ಚಿಕ್ಕಂದಿನಿಂದ ಪದ್ಯ ಕೇಳಿ ಕೇಳಿ ಬಾಯಿಪಾಠ ಮಾಡಿದ ಕಿವಿ ನನ್ನದು. ಹಾಗೇ ಹೇಳಿದೆ: "ತಾಮ್ರ. ತಾಮ್ರ ಬಿದ್ದಿದೆ ಇದಕ್ಕೆ."

"ಅದೇ! ಯಾರೂ ಪರೀಕ್ಷೆ ಮಾಡಿರಲಿಲ್ಲ. ಈ ತೊಟ್ಟಿಯ ವಿದ್ಯೆ ಬಲ್ಲ ಶ್ವೇತಳಿಗೇ ಬಾಯಿ ಕಟ್ಟಿತ್ತು. ಇವನಿಗೆ ಹೇಗೆ ಗೊತ್ತಾಯಿತು? ಬೆಳಿಗ್ಗೆಯೇ ಬಟ್ಟೆ ಎತ್ತಿ ನೋಡಿದ್ದ. ಯಾಕೆ ಸತ್ತವು ಅಂತ ಫೋನಿನಲ್ಲಿ ಹುಡುಕಿರಬೇಕು. ಡ್ರಮ್ಮು ನೆನಪಾಯಿತು, ಹೋಗಿ ಉಜ್ಜಿದ. ಮತ್ತೆ ಬಟ್ಟೆ ಮುಚ್ಚಿದ. ತಾಮ್ರ ಎಲ್ಲಿಂದ ಬಂತು ಅಂದರೆ? ತೀರ್ಥ ನೆನಪಾಯಿತು. ತೀರ್ಥ ಅಂದರೆ ತಾಮ್ರದ ಚೊಂಬೇ ಇರಬೇಕು ಅಂತ ತಾನೇ ಒಂದು ಚೊಂಬು ಸೃಷ್ಟಿಸಿದ. ಈಯಮ್ಮನ ಸೀಸೆಯನ್ನು ಕಣ್ಣಲ್ಲಿ ನೋಡಿರಲೇ ಇಲ್ಲ!"

ಪ್ರವೀಣ ನೆಲ ನೋಡಿದ. "ಶ್ವೇತ ಮುಟ್ಟಬೇಡ ಅಂದಿದ್ದಳು. ಅವಳ ಎದುರು ಹೇಳಲು…"

"ಹೆಂಡತಿಯ ಬೈಗುಳ ತಪ್ಪಿಸಿಕೊಳ್ಳಲು ಒಬ್ಬ ಹೆಂಗಸಿನ ಅನ್ನ, ಸೂರು, ದೇವರು, ಮೂರನ್ನೂ ಕಿತ್ತುಕೊಳ್ತೀಯಾ?"

ಶ್ವೇತ ಬಟ್ಟೆಯನ್ನು ಗಂಡನ ಎದೆಗೆ ಎಸೆದಳು. "ಹವಳ ಸತ್ತದ್ದಕ್ಕೆ ಇಷ್ಟು ಸಿಟ್ಟಿಲ್ಲ ನನಗೆ. ನನ್ನ ಬಾಯಿಂದ ಇವರನ್ನು ಬೈಯಿಸಿದ್ರಲ್ಲ, ಥೂ!" ಮೂಕಾಂಬಿಕಮ್ಮನ ಕಡೆ ತಿರುಗಿದಾಗ ಅವಳ ದನಿ ಒಡೆಯಿತು. "ಅಮ್ಮಾ, ಕೇಳದೆ ಕೂಗಾಡಿದೆ. ಹೋಗಬೇಡಿ."

ಮೂಕಾಂಬಿಕಮ್ಮ ಸೀಸೆಯನ್ನು ಎದೆಗೊತ್ತಿ ಹಿಡಿದಿದ್ದರು.

"ಹಾಗಾದ್ರೆ ಅಮ್ಮನ ನೀರು ಕೊಲ್ಲಲಿಲ್ಲ?"

"ಇಲ್ಲಮ್ಮ," ಎಂದರು ಮೊಣ್ಣಪ್ಪ.

"ಇರ್ತೇನೆ ಶ್ವೇತಮ್ಮ. ಅದಕ್ಕೆ ಮುಂಚೆ ಒಂದು ಕೆಲಸ ಇದೆ."

ಒಳಗಿಂದ ಬೆಳ್ಳಿಯ ಉದ್ಧರಣೆ ತಂದರು. ಪ್ರವೀಣನ ಎದುರು ನಿಂತರು.

"ಕೈ ಚಾಚಿ."

ಅವನು ಮಾವನ ಮುಖ ನೋಡಿದ. ಮೊಣ್ಣಪ್ಪ ಚೂರಿ ಒರೆಸುತ್ತಿದ್ದರು. ಕೈ ಚಾಚಿದ. ಅಂಗೈಗೆ ತೀರ್ಥ ಬಿತ್ತು.

"ವಿಷ ಅಂದ್ರಲ್ಲ. ಕುಡೀರಿ."

ಕುಡಿದ.

ಮೂಕಾಂಬಿಕಮ್ಮ ಸೀಸೆಯ ಮುಚ್ಚಳ ಬಿಗಿದು, ಅವನ ಮುಖವನ್ನೇ ನೋಡುತ್ತ ಕೇಳಿದರು:

"ಸತ್ರಾ?"